ಸಮುದ್ರದಾಚೆಯ ದಾಂಪತ್ಯವೂ ಸ್ವದೇಶದ ಹೊಣೆಯೂ

ಚಿತ್ರದುರ್ಗ ಜಿಲ್ಲೆಯ ಸಿರಿಗೆರೆಯಲ್ಲಿ ಸೋಮವಾರ ಬಂತೆಂದರೆ ತರಳಬಾಳು ಬೃಹನ್ಮಠದ ಸದ್ಧರ್ಮ ನ್ಯಾಯಪೀಠದ ಮುಂದೆ ಸುತ್ತಣ ಸೀಮೆಯ ಜನರು ನೆರೆಯುತ್ತಾರೆ. ಹೊಲದ ಬದುವಿನ ತಂಟೆ, ಅಣ್ಣತಮ್ಮಂದಿರ ಪಾಲುಪಟ್ಟಿ, ಗಂಡಹೆಂಡಿರ ಮನಸ್ತಾಪ, ಇವೆಲ್ಲವೂ ಅಲ್ಲಿ ವಿಚಾರಣೆಗೆ ಬರುತ್ತವೆ. ಉಭಯ ಪಕ್ಷದವರೂ ಎದುರೆದುರು ನಿಂತು ತಮ್ಮ ಅಹವಾಲನ್ನು ಹೇಳಿಕೊಳ್ಳುತ್ತಾರೆ. ಉಭಯರ ಒಪ್ಪಿಗೆಯೇ ಅಲ್ಲಿಯ ತೀರ್ಮಾನಕ್ಕೆ ಬಲ. ಇಂಥ ನ್ಯಾಯಕ್ಕೆ ಒಂದು ಅನುಕೂಲವಿರಲೇಬೇಕು: ಗಂಡನೂ ಹೆಂಡತಿಯೂ ಕೂಸೂ ಕರೆದರೆ ಬರುವಷ್ಟು ದೂರದಲ್ಲಿರಬೇಕು. ಆ ಅನುಕೂಲವು ತಪ್ಪಿದಾಗ ಏನು ಗತಿಯೆಂಬುದೇ ಇಂದು ನಾವು ವಾಚಕರ ಮುಂದಿಡಬೇಕೆಂದಿರುವ ವಿಷಯವು.

ದಾವಣಗೆರೆ ಚಿತ್ರದುರ್ಗಗಳ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿ, ಬೆಂಗಳೂರಿನಲ್ಲಿ ನಾಲ್ಕು ವರ್ಷ ಕೆಲಸ ಮಾಡಿ, ಅಮೇರಿಕಕ್ಕೆ ಹೋಗಿ ನೆಲಸಿರುವ ತರುಣರು ಈಗ ಹೊಸದುರ್ಗ, ಹೊಳಲ್ಕೆರೆ, ಹಿರಿಯೂರುಗಳ ಕಡೆಯ ಹಳ್ಳಿಗಳಲ್ಲಿಯೂ ಅಪರೂಪವಲ್ಲ. ಅವರು ಊರಿಗೆ ಬಂದು ಮದುವೆಯಾಗಿ ಪತ್ನಿಯನ್ನು ಕರೆದೊಯ್ಯುತ್ತಾರೆ. ಬಹುಮಂದಿಯ ಸಂಸಾರವು ಸುಖವಾಗಿಯೇ ನಡೆಯುತ್ತದೆ. ನಡೆಯದಿರುವ ಸಂಸಾರಗಳೂ ಉಂಟು. ಊರಿನಲ್ಲಿ ಸಂಸಾರವು ಮುರಿದರೆ ಹೆಣ್ಣುಮಗಳಿಗೆ ತವರುಮನೆಯಾದರೂ ಇರುತ್ತದೆ. ಗ್ರೀನ್ ಕಾರ್ಡಿಗಾಗಿ ಕಾದಿರುವ ದಂಪತಿಗಳ ಸಂಸಾರವು ಮುರಿದರೆ ಮನೆಯೊಡನೆ ಆ ದೇಶದಲ್ಲಿ ನಿಲ್ಲುವ ಹಕ್ಕೂ, ಸಂಪಾದನೆಯೂ, ಹಲವು ವೇಳೆ ಹೆತ್ತ ಮಗುವೂ ಕೈಬಿಟ್ಟುಹೋಗುವ ಸಂಭವವಿರುತ್ತದೆ. ಇದು ಹೇಗೆಂಬುದನ್ನು ಕೊಂಚ ವಿವರವಾಗಿಯೇ ಹೇಳಬೇಕಾಗಿದೆ. ಏಕೆಂದರೆ ಕನ್ಯೆಯ ತಂದೆತಾಯಿಗಳಲ್ಲಿ ಅನೇಕರಿಗೆ ಈ ಸಂಗತಿಯು ಲಗ್ನಪತ್ರಿಕೆಯ ದಿನ ತಿಳಿದಿರುವುದಿಲ್ಲ.

ಅಮೇರಿಕದವರು ೧೯೯೦ರಲ್ಲಿ ಮಾಡಿದ ಕಾನೂನಿನ ಪ್ರಕಾರ ಉದ್ಯೋಗದ ಆಧಾರದ ಮೇಲೆ ವರ್ಷವೊಂದಕ್ಕೆ ಸುಮಾರು ೧,೪೦,೦೦೦ ಮಂದಿಗೆ ಶಾಶ್ವತ ನಿವಾಸದ ಹಕ್ಕನ್ನು ಕೊಡಬಹುದು. ಕೆಲಸಗಾರನ ಹೆಂಡತಿ ಮಕ್ಕಳೂ ಈ ಲೆಕ್ಕದಲ್ಲಿಯೇ ಸೇರುತ್ತಾರೆ. ಯಾವ ಒಂದು ದೇಶದವರಿಗೂ ಒಟ್ಟಿನಲ್ಲಿ ನೂರಕ್ಕೆ ಏಳಕ್ಕಿಂತ ಹೆಚ್ಚು ಪಾಲು ಸಾಮಾನ್ಯವಾಗಿ ಸಲ್ಲದು. ಕೋಟ್ಯಂತರ ಜನರಿರುವ ಭರತಖಂಡಕ್ಕೂ ಅಂಗೈಯಗಲದ ದ್ವೀಪಕ್ಕೂ ಒಂದೇ ಅಳತೆ! ಅರ್ಜಿದಾರರಲ್ಲಿ ನಮ್ಮವರೇ ಅಧಿಕವಾಗಿರುವುದರಿಂದ ನಮ್ಮವರ ಸಾಲು ಬೆಳೆಯುತ್ತಲೇ ಹೋಗಿ, ಹತ್ತು ವರ್ಷ ಕಾದರೂ ಸರದಿ ಬಾರದೆ ಇರುವವರು ಬಹಳ ಮಂದಿ ಇದ್ದಾರೆ. ಎಚ್-೧ಬಿ ಎಂಬ ಉದ್ಯೋಗದ ವೀಸಾಕ್ಕೆ ಆರು ವರ್ಷದ ಮಿತಿಯುಂಟು. ಸಾಲಿನಲ್ಲಿ ನಿಂತವರಿಗೆ ಮಾತ್ರ ಅದನ್ನು ಮುಂದುವರಿಸಲು ೨೦೦೦ದಲ್ಲಿ ಅವಕಾಶವಾಯಿತು. ಅವರ ಪತಿಗೋ ಪತ್ನಿಗೋ ದೊರೆಯುವುದು ಎಚ್-೪ ಎಂಬ ಅವಲಂಬಿತರ ವೀಸಾ. ಇಂಥವರಲ್ಲಿ ಕೆಲವರಿಗೆ ಕೆಲಸ ಮಾಡುವ ಪರವಾನಗಿಯು ೨೦೧೫ರಲ್ಲಿ ಬಂದಿತು. ಆದರೆ ಆ ವೀಸಾದ ಜೀವವೆಲ್ಲ ಮದುವೆಯೊಂದರಲ್ಲಿಯೇ ಇದೆ. ವಿಚ್ಛೇದನದ ಡಿಕ್ರಿಯಾದ ದಿನ ಅವಲಂಬಿತರ ಸ್ಥಾನವೂ ಪರವಾನಗಿಯ ಆಧಾರವೂ ಒಟ್ಟಿಗೆ ಬಿದ್ದುಹೋಗುತ್ತವೆ. ಗ್ರೀನ್ ಕಾರ್ಡು ಕೈಗೆ ಬಂದ ಮೇಲೆ ನಿಜವಾದ ಮದುವೆಯು ಮುರಿದರೆ ಅದರಿಂದಲೇ ಕಾರ್ಡು ಹೋಗುವುದಿಲ್ಲ. ಕಾರ್ಡು ಬರುವುದಕ್ಕೆ ಮೊದಲೇ ಮುರಿದರೆ, ಸಂಗಾತಿಯೊಡನೆ ಹನ್ನೆರಡು ವರ್ಷ ಕಾದಿದ್ದರೂ ಆ ಕಾಯುವಿಕೆಯೆಲ್ಲ ನಷ್ಟ.

ಒಂದು ಸಂಸಾರವನ್ನು ಕಲ್ಪಿಸಿಕೊಳ್ಳೋಣ. ಹೊಳಲ್ಕೆರೆಯ ಕಡೆಯ ಇಂಜಿನಿಯರೊಬ್ಬನು ಹೊಸದುರ್ಗದ ಕಡೆಯ ಪದವೀಧರೆಯೊಬ್ಬಳನ್ನು ವರಿಸಿ ಕ್ಯಾಲಿಫೋರ್ನಿಯಾಕ್ಕೆ ಕರೆದೊಯ್ದನೆಂದಿಟ್ಟುಕೊಳ್ಳಿರಿ. ಅಲ್ಲಿಯೇ ಒಂದು ಮಗುವಾಯಿತು. ಆ ದೇಶದ ರಾಜ್ಯಾಂಗಕ್ಕೆ ೧೮೬೮ರಲ್ಲಿ ಮಾಡಿದ ಹದಿನಾಲ್ಕನೆಯ ತಿದ್ದುಪಡಿಯ ಮೇರೆಗೆ ಆ ಮಗುವು ಹುಟ್ಟುತ್ತಲೇ ಅಮೇರಿಕದ ಪ್ರಜೆಯಾಯಿತು. ಒಂದೇ ಮನೆಯಲ್ಲಿ ಮೂವರಿಗೆ ಮೂರು ಬಗೆಯ ಸ್ಥಾನ: ಮಗುವು ಪ್ರಜೆ, ತಂದೆಯು ಧಣಿಯ ಕೃಪೆಯಲ್ಲಿರುವ ಕೆಲಸಗಾರ, ತಾಯಿಯು ಗಂಡನ ಕೃಪೆಯಲ್ಲಿರುವ ಅವಲಂಬಿತೆ. ಮನಸ್ಸುಗಳು ಒಡೆದವು. ಆಕೆಯು ಕೋರ್ಟಿಗೆ ಹೋಗಬಾರದೆಂದೇನೂ ಇಲ್ಲ. ಆರು ತಿಂಗಳು ಆ ಸಂಸ್ಥಾನದಲ್ಲಿಯೂ ಮೂರು ತಿಂಗಳು ಆ ಕೌಂಟಿಯಲ್ಲಿಯೂ ವಾಸಿಸಿದ್ದರೆ ಕ್ಯಾಲಿಫೋರ್ನಿಯಾದ ನ್ಯಾಯಾಲಯವು ವಿಚ್ಛೇದನದ ಅರ್ಜಿಯನ್ನು ಸ್ವೀಕರಿಸುತ್ತದೆ. ಗ್ರೀನ್ ಕಾರ್ಡನ್ನು ಕೇಳುವುದಿಲ್ಲ. ಜೀವನಾಂಶ, ಆಸ್ತಿಯ ಪಾಲು, ಮಗುವಿನ ಸುಪರ್ದು ಇವುಗಳಿಗೆಲ್ಲ ಆಕೆ ಹಕ್ಕುದಾರಳೇ. ಆದರೆ ಹಕ್ಕನ್ನು ಕೊಡುವ ನ್ಯಾಯಾಲಯವೊಂದು, ದೇಶದಲ್ಲಿ ನಿಲ್ಲಿಸಿಕೊಳ್ಳುವ ಇಲಾಖೆಯೊಂದು. ನ್ಯಾಯಾಧೀಶರು ಮಗುವಿನ ಪೋಷಣೆಯಲ್ಲಿ ತಾಯಿಗೆ ಪಾಲು ಕೊಟ್ಟರೂ ವೀಸಾವನ್ನು ಕೊಡಲಾರರು. ವೀಸಾ ಹೋದ ತಾಯಿಯು ದೇಶ ಬಿಡಬೇಕು. ಮಗುವನ್ನೋ ಕೋರ್ಟಿನ ಅಪ್ಪಣೆಯಿಲ್ಲದೆ ಹೊರಗೆ ಕರೆದೊಯ್ಯಕೂಡದು. ಹದಿನಾರು ವರ್ಷದೊಳಗಿನ ಮಗುವಿಗೆ ಪಾಸ್‌ಪೋರ್ಟು ಪಡೆಯಲು ಸಾಮಾನ್ಯವಾಗಿ ತಂದೆತಾಯಿಗಳಿಬ್ಬರ ಒಪ್ಪಿಗೆಯೂ ಬೇಕು.

ಇದರ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಕ್ರೂರಿಯಾದ ಗಂಡನಿಗೆ ವೀಸಾವೇ ಕೈಯ ಕೋಲಾಗುತ್ತದೆ. “ನಾನು ಸಹಿ ಹಾಕಿದರೆ ನೀನು ಊರಿಗೆ, ಮಗು ನನಗೆ” ಎಂಬ ಒಂದು ಮಾತು ಸಾಕು. ಹೆಣ್ಣು ಬಾಯಿ ಮುಚ್ಚಿ ವರ್ಷಗಟ್ಟಲೆ ಸಹಿಸುತ್ತಾಳೆ. ಪೆಟ್ಟು ತಿಂದ ಅವಲಂಬಿತರಿಗೆ ಕೆಲಸದ ಪರವಾನಗಿಯನ್ನು ಕೊಡಬಹುದೆಂದು ೨೦೦೫ರ ಶಾಸನದಲ್ಲಿ ಸೇರಿಸಿದ್ದಾರೆ. ಅದು ಶಾಶ್ವತ ನಿವಾಸದ ಹಕ್ಕಲ್ಲ. ಅಪರಾಧಕ್ಕೆ ತುತ್ತಾಗಿ ಪೋಲೀಸರಿಗೆ ನೆರವಾದವರಿಗೆಂದು ೨೦೦೦ದಲ್ಲಿ ಬೇರೊಂದು ವೀಸಾವನ್ನು ಏರ್ಪಡಿಸಿದರು. ಅದಕ್ಕೂ ವರ್ಷಕ್ಕೆ ೧೦,೦೦೦ದ ಮಿತಿ, ಅದಕ್ಕೂ ಉದ್ದನೆಯ ಸಾಲು. ಇನ್ನು ಎಲ್ಲ ಗಂಡಸರೂ ಕ್ರೂರಿಗಳಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ನ್ಯಾಯ. ಉದ್ಯೋಗದ ವೀಸಾ ಹೆಂಡತಿಯದಾಗಿ, ಗಂಡನೇ ಅವಲಂಬಿತನಾಗಿರುವ ಸಂಸಾರಗಳೂ ಉಂಟು. ಕೆಲಸ ಹೋದರೆ ಅರುವತ್ತು ದಿನಗಳೊಳಗೆ ಬೇರೊಂದು ದಾರಿ ನೋಡಿಕೊಳ್ಳಬೇಕಾದ ಗಂಡಸಿನ ಕಳವಳವೂ ಸಣ್ಣದಲ್ಲ. ದೋಷವು ಯಾವ ಕಡೆಯದೇ ಆಗಿರಲಿ, ಪತಿಪತ್ನಿಯರ ನ್ಯಾಯದ ತಕ್ಕಡಿಯಲ್ಲಿ ಮೂರನೆಯ ದೇಶದವನೊಬ್ಬನು ತನ್ನ ವೀಸಾದ ಕಲ್ಲನ್ನು ಹಾಕಿದಂತಾಗಿದೆಯೆಂಬುದೇ ನಮ್ಮ ಆಕ್ಷೇಪಣೆಯು.

ಈ ಇಕ್ಕಟ್ಟಿನಲ್ಲಿ ಸಿಕ್ಕಿದ ತಾಯಿಯು ಏನು ಮಾಡುತ್ತಾಳೆ? ರಜದ ನೆವದಲ್ಲಿ ಮಗುವನ್ನೆತ್ತಿಕೊಂಡು ತವರಿಗೆ ಬಂದುಬಿಡುತ್ತಾಳೆ. ತವರಿನವರು ಅದನ್ನು ತಪ್ಪೆಂದು ಎಣಿಸುವುದಿಲ್ಲ. ಹೆತ್ತವಳು ಮಗುವನ್ನು ತಂದರೆ ಅದು ಕಳ್ಳತನವೇ ಎಂದು ಕೇಳುತ್ತಾರೆ. ಅಮೇರಿಕದ ೧೯೯೩ರ ಕಾನೂನಿನಲ್ಲಿ, ಇನ್ನೊಬ್ಬರ ಪೋಷಣೆಯ ಹಕ್ಕಿಗೆ ಅಡ್ಡಿಮಾಡುವ ಉದ್ದೇಶದಿಂದ ಹೀಗೆ ಮಾಡುವುದು ಸೆರೆವಾಸಕ್ಕೆ ಅರ್ಹವಾದ ಅಪರಾಧ. ಮಗುವು ಕಡೆಯ ಆರು ತಿಂಗಳು ಯಾವ ಸಂಸ್ಥಾನದಲ್ಲಿ ವಾಸವಾಗಿತ್ತೋ ಅಲ್ಲಿಯ ಕೋರ್ಟಿಗೇ ಸುಪರ್ದಿನ ಅಧಿಕಾರವೆಂದು ಆ ಸಂಸ್ಥಾನಗಳ ನಿಯಮ. ಅಲ್ಲಿ ತಾಯಿಯ ಗೈರುಹಾಜರಿಯಲ್ಲಿ ತಂದೆಗೆ ಏಕಪಕ್ಷೀಯ ಹುಕುಂ ದೊರೆಯುತ್ತದೆ. ಅದನ್ನು ಹಿಡಿದುಕೊಂಡು ಆತನು ಇಲ್ಲಿಯ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿಯೊಡನೆ ಬರುತ್ತಾನೆ. ಅತ್ತ ತಾಯಿಯು ಇಲ್ಲಿಯ ಜಿಲ್ಲೆಯ ಕೋರ್ಟಿನಲ್ಲಿ ಬೇರೆ ದಾವೆ ಹೂಡಿರುತ್ತಾಳೆ. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ನಮ್ಮ ಹಳ್ಳಿಯ ಗಾದೆಯನ್ನು ಕಟ್ಟಿದವರು ಎರಡು ದೇಶಗಳ ನ್ಯಾಯಾಲಯಗಳ ಜಗಳವನ್ನು ಕಂಡವರಲ್ಲ!

ನಮ್ಮ ಸುಪ್ರೀಂ ಕೋರ್ಟಿನವರು ಈ ವಿಷಯದಲ್ಲಿ ನಾಲ್ಕು ದಶಕಗಳಿಂದ ಶ್ರಮಪಟ್ಟಿದ್ದಾರೆ. ಮಗುವಿನೊಡನೆ ಅತ್ಯಂತ ನಿಕಟ ಸಂಬಂಧವಿರುವ ದೇಶದ ಕೋರ್ಟಿಗೆ ಮನ್ನಣೆ ಸಲ್ಲಬೇಕೆಂದು ೧೯೮೪ರಲ್ಲಿ ಹೇಳಿದರು. ೨೦೧೭ರಲ್ಲಿ, ಪರದೇಶದ ಹುಕುಂ ಎಂಬುದು ಗಮನಿಸಬೇಕಾದ ಸಂಗತಿಗಳಲ್ಲಿ ಒಂದು ಮಾತ್ರ, ಮಗುವಿನ ಶ್ರೇಯಸ್ಸೇ ಸರ್ವೋಪರಿ ಎಂದರು. ತಂದೆತಾಯಿಗಳಿಬ್ಬರ ಪ್ರೀತಿಯನ್ನೂ ಪಡೆಯುವುದು ಮಗುವಿನ ಹಕ್ಕು, ದೂರದಲ್ಲಿರುವವರಿಗೆ ವೀಡಿಯೋ ಮೂಲಕವಾದರೂ ಮಗುವನ್ನು ಕಾಣುವ ಅವಕಾಶವಿರಬೇಕು ಎಂದು ೨೦೨೦ರಲ್ಲಿ ವಿವರಿಸಿದರು. ಈ ತತ್ತ್ವಗಳೆಲ್ಲ ಸಾಧುವಾದುವೇ. ಆದರೆ ಪ್ರತಿಯೊಂದು ಮೊಕದ್ದಮೆಯೂ ಅದರದರ ಸಂಗತಿಗಳ ಮೇಲೆ ತೀರ್ಮಾನವಾಗುವುದರಿಂದ, ಒಂದು ಮಗು ವಾಪಸು ಹೋಗುತ್ತದೆ, ಇನ್ನೊಂದು ಇಲ್ಲಿಯೇ ಉಳಿಯುತ್ತದೆ. ಮೊದಲೇ ತಿಳಿದು ನಡೆಯಲು ಯಾವ ತಂದೆತಾಯಿಗಳಿಗೂ ಒಂದು ಕಟ್ಟಳೆಯೆಂಬುದಿಲ್ಲ.

ನಮ್ಮ ಕರ್ನಾಟಕದಿಂದಲೇ ಹೋದ ಮೊಕದ್ದಮೆಯೊಂದನ್ನು ನೋಡಬಹುದು. ಅಮೇರಿಕದಲ್ಲಿ ಹುಟ್ಟಿ ಬೆಳೆದ ಬಾಲಕನನ್ನು ತಾಯಿಯು ೨೦೨೦ರ ಮಾರ್ಚಿಯಲ್ಲಿ ಇಲ್ಲಿಗೆ ಕರೆತಂದಳು; ವಾಷಿಂಗ್‌ಟನ್ ಸಂಸ್ಥಾನದ ಕೋರ್ಟು ಮಗುವನ್ನು ಮರಳಿಸಬೇಕೆಂದು ಆಜ್ಞೆ ಮಾಡಿತು; ತಂದೆಯು ಕರ್ನಾಟಕ ಹೈಕೋರ್ಟಿನ ಮೆಟ್ಟಿಲು ಹತ್ತಿ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋದನು. ಬಾಲಕನು ಆ ದೇಶದ ಪ್ರಜೆ, ಬೆಳೆದುದು ಆ ದೇಶದಲ್ಲಿ, ತಂದೆತಾಯಿಗಳಿಬ್ಬರಲ್ಲಿಯೂ ಶಾಶ್ವತ ನಿವಾಸದ ಕಾರ್ಡುಗಳಿವೆಯೆಂಬುದನ್ನು ಗಮನಿಸಿ, ಮಗುವನ್ನು ಮರಳಿಸಬೇಕೆಂದು ೨೦೨೨ರ ಜುಲೈನಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಈ ತೀರ್ಪನ್ನು ನಾವು ಟೀಕಿಸುವುದಿಲ್ಲ. ಅದರಲ್ಲಿ ಅಡಗಿರುವ ಒಂದು ಸಂಗತಿಯತ್ತ ಮಾತ್ರ ಗಮನವನ್ನು ಸೆಳೆಯುತ್ತೇವೆ. ಆ ತಾಯಿಯಲ್ಲಿ ಕಾರ್ಡಿತ್ತು. ಮಗುವಿನ ಹಿಂದೆ ತಾನೂ ಹೋಗಬೇಕೆಂದರೆ ಅವಳಿಗೊಂದು ದಾರಿಯಿತ್ತು. ಅದೇ ತೀರ್ಪು ಕಾರ್ಡಿಲ್ಲದ, ವೀಸಾ ಮುಗಿದ ತಾಯಿಯ ಮೇಲೆ ಬಿದ್ದರೆ? ಮಗುವನ್ನು ಮರಳಿಸು ಎಂಬ ಆಜ್ಞೆಯು ಅವಳ ಪಾಲಿಗೆ ಮಗುವನ್ನು ಬಿಟ್ಟುಕೊಡು ಎಂಬ ಆಜ್ಞೆಯೇ ಆಗುತ್ತದೆ. ಎರಡು ತಾಯಂದಿರ ನಡುವಣ ಭೇದವು ವಾತ್ಸಲ್ಯದಲ್ಲಿಲ್ಲ, ಯೋಗ್ಯತೆಯಲ್ಲಿಲ್ಲ. ಸಾಲಿನಲ್ಲಿ ಸರದಿ ಬಂದುದರಲ್ಲಿಯೂ ಬಾರದುದರಲ್ಲಿಯೂ ಇದೆ. ಇದನ್ನು ನ್ಯಾಯವೆಂದು ಯಾರು ಹೇಳಬಲ್ಲರು?

ವಿಚ್ಛೇದನದ ಡಿಕ್ರಿಯ ಪಾಡೂ ಇಷ್ಟೇ ತೊಡಕಿನದು. ಸಿವಿಲ್ ಪ್ರೊಸೀಜರ್ ಕೋಡಿನ ೧೩ನೆಯ ಕಲಮು ಪರದೇಶದ ತೀರ್ಪುಗಳನ್ನು ಯಾವಾಗ ಒಪ್ಪಬಾರದೆಂಬುದನ್ನು ಹೇಳುತ್ತದೆ. ಅದರ ಆಧಾರದಿಂದ ಸುಪ್ರೀಂ ಕೋರ್ಟು ೧೯೯೧ರಲ್ಲಿ, ಯಾವ ಕಾನೂನಿನ ಪ್ರಕಾರ ಮದುವೆಯಾಯಿತೋ ಆ ಕಾನೂನು ಒಪ್ಪುವ ಕೋರ್ಟೇ ಆ ಕಾನೂನು ಒಪ್ಪುವ ಕಾರಣಕ್ಕಾಗಿಯೇ ವಿಚ್ಛೇದನ ಕೊಡಬೇಕೆಂದು ವಿಧಿಸಿತು. ಎದುರು ಪಕ್ಷವು ತಾನಾಗಿ ಒಪ್ಪಿದರೆ, ಅಥವಾ ಹಾಜರಾಗಿ ನಮ್ಮ ಕಾನೂನೊಪ್ಪುವ ಕಾರಣದ ಮೇಲೆಯೇ ವಾದಿಸಿದರೆ, ಅದಕ್ಕೆ ವಿನಾಯಿತಿಯುಂಟು. ದಾಂಪತ್ಯವು ಸರಿಪಡಿಸಲಾಗದಂತೆ ಮುರಿದಿದೆಯೆಂಬ ಒಂದೇ ಕಾರಣವು ೧೯೫೫ರ ಹಿಂದೂ ವಿವಾಹ ಶಾಸನದಲ್ಲಿಲ್ಲ. ಆ ಕಾರಣದ ಮೇಲೆ ಬಿಡುಗಡೆ ಕೊಡುವ ವಿಶೇಷಾಧಿಕಾರವು ತನಗುಂಟೆಂದು ೨೦೨೩ರಲ್ಲಿ ಸುಪ್ರೀಂ ಕೋರ್ಟು ಹೇಳಿತಾದರೂ ಅದು ಕೆಳಗಣ ಕೋರ್ಟುಗಳಿಗೆ ಸಲ್ಲುವುದಿಲ್ಲ. ಹೀಗಾಗಿ ಒಬ್ಬನೇ ಮನುಷ್ಯನು ಅಮೇರಿಕದಲ್ಲಿ ಬ್ರಹ್ಮಚಾರಿಯೂ ಹೊಳಲ್ಕೆರೆಯಲ್ಲಿ ಗೃಹಸ್ಥನೂ ಆಗಿರುವ ವಿಚಿತ್ರವು ಸಂಭವಿಸಿದೆ. ಬಿಟ್ಟ ಹೆಂಡತಿಯೋ, ಇತ್ತ ಮದುವೆಯಾದವಳೂ ಅಲ್ಲ, ಅತ್ತ ಬಿಡುಗಡೆಯಾದವಳೂ ಅಲ್ಲ.

ಈ ಗೊಂದಲಕ್ಕೆ ಪರಿಹಾರವನ್ನು ಯಾರೂ ಯೋಚಿಸಿಲ್ಲವೆಂದಲ್ಲ. ಒಂದು ದೇಶದಿಂದ ಇನ್ನೊಂದಕ್ಕೆ ಅಕ್ರಮವಾಗಿ ಒಯ್ದ ಮಕ್ಕಳನ್ನು ಮೊದಲು ವಾಸಸ್ಥಾನಕ್ಕೆ ಮರಳಿಸಿ, ಆಮೇಲೆ ಅಲ್ಲಿಯ ಕೋರ್ಟಿನಲ್ಲಿ ಸುಪರ್ದನ್ನು ನಿರ್ಣಯಿಸಬೇಕೆಂಬ ಒಪ್ಪಂದವು ೧೯೮೦ರಲ್ಲಿ ಹೇಗ್ ನಗರದಲ್ಲಿ ಆಯಿತು. ಅದಕ್ಕೆ ನೂರಕ್ಕೂ ಹೆಚ್ಚು ದೇಶಗಳು ಸೇರಿವೆ. ಬಹುಕಾಲ ಹಿಂಜರಿದ ಜಪಾನೂ ೨೦೧೪ರಲ್ಲಿ ಸೇರಿತು. ಭಾರತವು ಸೇರಿಲ್ಲ. ಸೇರಬೇಕೆಂದು ೨೦೦೯ರಲ್ಲಿ ನಮ್ಮ ಕಾನೂನು ಆಯೋಗವು ಸಲಹೆ ಮಾಡಿತು; ೨೦೧೬ರಲ್ಲಿ ಮಸೂದೆಯೊಂದನ್ನು ಪರಿಶೀಲಿಸಿ ವರದಿ ಕೊಟ್ಟಿತು; ನ್ಯಾಯಮೂರ್ತಿ ರಾಜೇಶ್ ಬಿಂದಾಲರ ಸಮಿತಿಯು ೨೦೧೮ರಲ್ಲಿ ಇನ್ನೊಂದು ವರದಿಯನ್ನು ಒಪ್ಪಿಸಿತು. ಅನಿವಾಸಿಗಳ ವಿವಾಹದ ರಿಜಿಸ್ಟ್ರೇಷನ್ ಕುರಿತ ಮಸೂದೆಯು ೨೦೧೯ರಲ್ಲಿ ರಾಜ್ಯಸಭೆಯಲ್ಲಿ ಮಂಡಿತವಾಯಿತು. ೨೦೨೪ರ ಫೆಬ್ರವರಿಯಲ್ಲಿ ಕಾನೂನು ಆಯೋಗವು ವಿಚ್ಛೇದನ, ಜೀವನಾಂಶ, ಮಕ್ಕಳ ಸುಪರ್ದು ಎಲ್ಲವನ್ನೂ ಒಳಗೊಂಡ ಸಮಗ್ರ ಶಾಸನವೇ ಬೇಕೆಂದಿತು. ವರದಿಯ ಮೇಲೆ ವರದಿಯು ಬೆಳೆಯುವಷ್ಟರಲ್ಲಿ ೨೦೦೯ರ ತೊಟ್ಟಿಲ ಕೂಸುಗಳು ಕಾಲೇಜಿನ ಬಾಗಿಲಿಗೆ ಬರುತ್ತಿವೆ!

ಹೇಗ್ ಒಪ್ಪಂದಕ್ಕೆ ವಿರೋಧವಾಗಿ ಹೇಳುವವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಮಗುವನ್ನು ತರುವವರಲ್ಲಿ ಅನೇಕರು ಹೊಡೆತಕ್ಕೆ ಅಂಜಿ ಓಡಿಬಂದ ತಾಯಂದಿರು. ಅವರನ್ನು ಅದೇ ಮನೆಯ ಬಾಗಿಲಿಗೆ ಅಟ್ಟುವುದು ಧರ್ಮವಲ್ಲವೆಂದು ಅವರು ಹೇಳುತ್ತಾರೆ. ಇದು ನಿಜ. ಮಗುವಿಗೆ ಘೋರ ಅಪಾಯವಿದ್ದರೆ ಮರಳಿಸಬೇಕಾದುದಿಲ್ಲವೆಂದು ಆ ಒಪ್ಪಂದದ ೧೩ನೆಯ ಕಲಮಿನಲ್ಲಿದ್ದರೂ ತಾಯಿಯ ಮೇಲಣ ಹಿಂಸೆಯನ್ನು ಅದರಲ್ಲಿ ಸ್ಪಷ್ಟವಾಗಿ ಹೇಳಿಲ್ಲ. ಆದರೆ ಕಾನೂನಿಲ್ಲದೆ ಇರುವುದರಿಂದ ಆ ತಾಯಿಗೆ ರಕ್ಷಣೆ ದೊರೆತಿದೆಯೇ? ಇಲ್ಲ. ಅವಳು ವಾರಂಟಿಗೆ ಅಂಜುತ್ತ ವರ್ಷಗಟ್ಟಲೆ ಕೋರ್ಟಿಗೆ ಅಲೆಯುತ್ತಾಳೆ. ತಪ್ಪಿಲ್ಲದ ತಂದೆಯಾದರೋ ಮಗುವಿನ ಮುಖವನ್ನು ಫೋನಿನ ಗಾಜಿನಲ್ಲಿ ಕೂಡ ಕಾಣದೆ ಕೊರಗುತ್ತಾನೆ. ಕಾನೂನಿಲ್ಲದ ಕಡೆ ಗೆಲ್ಲುವವನು ನ್ಯಾಯವಂತನಲ್ಲ. ಮೊದಲು ವಿಮಾನ ಹತ್ತಿದವನು, ಹೆಚ್ಚು ದುಡ್ಡುಳ್ಳವನು.

ಇದು ಎರಡು ಮನೆಗಳ ಖಾಸಗಿ ವ್ಯಾಜ್ಯ, ರಾಷ್ಟ್ರಕ್ಕೆ ಇದರಲ್ಲಿ ಕೆಲಸವೇನೆಂದು ಕೇಳುವವರಿಗೆ ನಮ್ಮ ರಾಷ್ಟ್ರೀಯ ಚಳವಳಿಯ ಚರಿತ್ರೆಯೇ ಉತ್ತರವನ್ನು ಕೊಡುತ್ತದೆ. ದಕ್ಷಿಣ ಆಫ್ರಿಕದ ಕೇಪ್ ಪ್ರಾಂತದ ನ್ಯಾಯಾಧೀಶ ಸರ್ಲ್ ಎಂಬುವರು ೧೯೧೩ರ ಮಾರ್ಚಿಯಲ್ಲಿ, ಬಹುಪತ್ನೀತ್ವಕ್ಕೆ ಎಡೆಗೊಡುವ ಧರ್ಮಗಳ ವಿಧಿಯಿಂದಾದ ಮದುವೆಯನ್ನು ಆ ದೇಶದ ಕಾನೂನು ಒಪ್ಪುವುದಿಲ್ಲವೆಂದು ತೀರ್ಪಿತ್ತರು. ಒಂದೇ ದಿನದಲ್ಲಿ ಅಲ್ಲಿಯ ಭಾರತೀಯ ಗೃಹಿಣಿಯರ ಪತ್ನೀತ್ವಕ್ಕೇ ಕುಂದು ಬಂದಿತು. ಗಾಂಧೀಜಿಯವರು ಅದನ್ನು ಖಾಸಗಿ ಮಾತೆಂದು ಕೈಬಿಟ್ಟರೇ? ಸ್ತ್ರೀಯರು ಸತ್ಯಾಗ್ರಹಕ್ಕೆ ಇಳಿದರು. ಕಸ್ತೂರಬಾ ಅವರು ಸೆರೆಮನೆಗೆ ಹೋದರು. ೧೯೧೪ರ ಶಾಸನದಿಂದ ಏಕಪತ್ನೀವ್ರತದ ಭಾರತೀಯ ವಿವಾಹಗಳಿಗೆ ಮನ್ನಣೆಯು ದೊರೆಯಿತು. ಪರಾಧೀನರಾಗಿದ್ದಾಗಲೇ ಪರದೇಶದಲ್ಲಿರುವ ನಮ್ಮ ಹೆಣ್ಣುಮಕ್ಕಳ ಮಾನಕ್ಕಾಗಿ ಹೋರಾಡಿದ ಜನರು, ಸ್ವತಂತ್ರರಾದ ಮೇಲೆ ಅವರ ಮಕ್ಕಳಿಗಾಗಿ ಒಂದು ಶಾಸನವನ್ನು ಮಾಡಲಾರದೆ ಹೋದರೆ ಅದಕ್ಕಿಂತ ಲಜ್ಜೆಯ ಸಂಗತಿಯು ಬೇರೊಂದಿಲ್ಲ.

ನಮ್ಮ ಪಟ್ಟಣಗಳ ಸಜ್ಜನರ ಬಾಯಲ್ಲಿ ಇನ್ನೆರಡು ಮಾತುಗಳುಂಟು. ಡಾಲರಿನ ಆಸೆಗೆ ಹೋದವರು ಅನುಭವಿಸಲಿ ಎಂಬುದೊಂದು. ಅದೇ ಡಾಲರು ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೂ ಶಾಲೆಯ ಕೊಠಡಿಗೂ ಬಂದಾಗ ನಾವು ಹಾರ ಹಾಕಿ ಸ್ವಾಗತಿಸುವುದಿಲ್ಲವೇ? ಲಾಭದಲ್ಲಿ ನಮ್ಮವರಾದವರು ಕಷ್ಟದಲ್ಲಿ ಪರರಾಗುವುದು ಯಾವ ನೀತಿ? ವಿಚ್ಛೇದನವೆಂಬುದೇ ಪಾಶ್ಚಾತ್ಯರಿಂದ ಬಂದ ರೋಗವೆಂಬುದು ಎರಡನೆಯ ಮಾತು. ಈ ನೆಲದ ಅನೇಕ ಸಮುದಾಯಗಳಲ್ಲಿ ಪಂಚರ ಸಮಕ್ಷಮದ ಬಿಡುಗಡೆಯೂ ಸೀರುಡಿಕೆಯೂ ಹಳೆಯ ಕಾಲದಿಂದ ನಡೆದುಬಂದಿವೆ. ರೂಢಿಯ ವಿಚ್ಛೇದನಗಳನ್ನು ೧೯೫೫ರ ಶಾಸನವೇ ೨೯ನೆಯ ಕಲಮಿನಲ್ಲಿ ಉಳಿಸಿಕೊಂಡಿದೆ. ಹಿಂದೂ ಸ್ತ್ರೀಯರ ಹಕ್ಕುಗಳಿಗಾಗಿ ೧೯೩೩ರಲ್ಲಿಯೇ ಶಾಸನ ಮಾಡಿದ ಮೈಸೂರು ದೇಶದವರು ಕಾಲವರಿತು ಕಾನೂನನ್ನು ತಿದ್ದಲು ಅಂಜಬೇಕಾದುದಿಲ್ಲ.

ಹಾಗಾದರೆ ಆಗಬೇಕಾದುದೇನು? ಮೊದಲನೆಯದಾಗಿ, ಕೇಂದ್ರ ಸರ್ಕಾರದವರು ಈ ವರದಿಗಳನ್ನೆಲ್ಲ ಕಪಾಟಿನಿಂದ ತೆಗೆದು, ಎರಡು ದೇಶಗಳ ನಡುವೆ ಸಿಕ್ಕಿದ ಮಕ್ಕಳ ವಿಷಯದಲ್ಲಿ ನಮ್ಮದೇ ಆದ ಶಾಸನವೊಂದನ್ನು ಪಾರ್ಲಿಮೆಂಟಿನ ಮುಂದಿಡಬೇಕು. ಅರ್ಜಿಯನ್ನು ಇಂತಿಷ್ಟು ತಿಂಗಳೊಳಗೆ ತೀರ್ಮಾನಿಸಬೇಕೆಂಬ ಗಡುವು ಅದರಲ್ಲಿರಲಿ. ಹಿಂಸೆಯಿಂದ ಓಡಿಬಂದವರಿಗೆ ರಕ್ಷಣೆಯು ಸ್ಪಷ್ಟ ಶಬ್ದಗಳಲ್ಲಿರಲಿ. ಎಲ್ಲಕ್ಕೂ ಮಿಗಿಲಾಗಿ, ಮಗುವನ್ನು ಮರಳಿಸುವ ಮುನ್ನ ಅದನ್ನು ಸಾಕಿದ ತಾಯಿಗೋ ತಂದೆಗೋ ಆ ದೇಶವನ್ನು ಪ್ರವೇಶಿಸಿ, ಮೊಕದ್ದಮೆ ಮುಗಿಯುವವರೆಗೆ ನಿಲ್ಲಲು ವೀಸಾವೂ ವಸತಿ ಖರ್ಚೂ ದೊರೆಯಲೇಬೇಕೆಂಬ ಷರತ್ತು ಇರಲಿ. ಇಂಥ ಶಾಸನವನ್ನು ಕೈಯಲ್ಲಿ ಹಿಡಿದು ಹೇಗ್ ಒಪ್ಪಂದಕ್ಕೆ ಸೇರುವುದು ಶರಣಾಗತಿಯಾಗದು, ಸಮಾನರ ವ್ಯವಹಾರವಾಗುವುದು.

ಎರಡನೆಯದಾಗಿ, ಅಮೇರಿಕದೊಡನೆ ನಡೆಯುವ ಮಾತುಕತೆಗಳಲ್ಲಿ ಇದನ್ನೂ ಎತ್ತಬೇಕು. ಹಲವು ವರ್ಷ ಜೊತೆಗೆ ಕಾದ ಸಂಗಾತಿಯ ಸರದಿಯನ್ನು ವಿಚ್ಛೇದನವೊಂದರಿಂದಲೇ ಅಳಿಸಿಹಾಕಬಾರದು, ಸುಪರ್ದಿನ ವಿಚಾರಣೆಯು ಮುಗಿಯುವವರೆಗಾದರೂ ನಿಲ್ಲಲು ಅವಕಾಶವಿರಬೇಕು ಎಂದು ಕೇಳುವುದರಲ್ಲಿ ಅನುಚಿತವೇನೂ ಇಲ್ಲ. ಇಂಥ ನಿಯಮಗಳು ಬದಲಾಗಲಾರದುವಲ್ಲ. ಕೆನಡಾ ದೇಶದವರು, ಕರೆಸಿಕೊಂಡ ಪತಿ ಅಥವಾ ಪತ್ನಿಯು ಎರಡು ವರ್ಷ ಕೂಡಿ ಬಾಳಿದರೆ ಮಾತ್ರ ನಿವಾಸದ ಹಕ್ಕು ಉಳಿಯುವುದೆಂದು ೨೦೧೨ರಲ್ಲಿ ಕೆಲವರ ಮೇಲೆ ಹೇರಿದ್ದ ಷರತ್ತನ್ನು, ಅದು ಪೀಡಿತರನ್ನು ಪೀಡಕರಿಗೆ ಕಟ್ಟಿಹಾಕುತ್ತದೆಂದು ಅರಿತು ೨೦೧೭ರಲ್ಲಿ ತೆಗೆದುಹಾಕಿದರು.

ಮೂರನೆಯದಾಗಿ, ಮನೆಮನೆಯ ಹೊಣೆ. ಗಂಡು ಪರದೇಶದಲ್ಲಿದ್ದಾನೆಂದು ಹಿಗ್ಗುವ ಮುನ್ನ ಅವನ ವೀಸಾ ಯಾವುದು, ಸಾಲಿನಲ್ಲಿ ಎಲ್ಲಿದ್ದಾನೆ, ಹಿಂದಿನ ಮದುವೆಯಿದ್ದರೆ ಅದು ಎಲ್ಲಿಯ ಕಾನೂನಿನಂತೆ ಮುಗಿಯಿತು ಎಂಬುದನ್ನು ಕೇಳಿ ತಿಳಿಯಬೇಕು. ಮದುವೆಯನ್ನು ತಪ್ಪದೆ ರಿಜಿಸ್ಟರು ಮಾಡಿಸಬೇಕು. ಕರ್ನಾಟಕದಲ್ಲಿ ಅದಕ್ಕೆ ೧೯೭೬ರ ಶಾಸನವೇ ಇದೆ. ಪಾಸ್‌ಪೋರ್ಟು, ವೀಸಾ, ಮಗುವಿನ ಜನನಪತ್ರ ಇವುಗಳ ಪ್ರತಿಗಳು ತವರಿನಲ್ಲಿಯೂ ಇರಲಿ. ಕಷ್ಟ ಬಂದಾಗ ಮಗುವಿನೊಡನೆ ಗುಟ್ಟಾಗಿ ವಿಮಾನ ಹತ್ತುವುದಕ್ಕೆ ಮೊದಲು ಅಲ್ಲಿಯ ವಕೀಲರನ್ನು ಕಾಣಬೇಕು. ನ್ಯೂಜೆರ್ಸಿಯ ಮಾನವಿ, ಕ್ಯಾಲಿಫೋರ್ನಿಯಾದ ಮೈತ್ರಿ ಮೊದಲಾದ ಸಂಸ್ಥೆಗಳು ನಮ್ಮ ಕಡೆಯ ಹೆಣ್ಣುಮಕ್ಕಳಿಗೆಂದೇ ದಶಕಗಳಿಂದ ದುಡಿಯುತ್ತಿವೆ. ದೆಹಲಿಯ ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ ೨೦೦೯ರಿಂದ ಅನಿವಾಸಿಗಳ ವಿಭಾಗವುಂಟು. ಮದುವೆ ಉಳಿಯದೆಂದು ನಿಶ್ಚಯವಾದರೆ ಉಭಯರೂ ಸಮ್ಮತಿಸಿ, ಮಗುವಿನ ವಾಸ, ಓದು, ಖರ್ಚು, ರಜದ ದಿನಗಳನ್ನು ಕಾಗದದ ಮೇಲೆ ಬರೆದು, ಎರಡು ದೇಶಗಳ ಕೋರ್ಟುಗಳೂ ಒಪ್ಪುವ ಡಿಕ್ರಿ ಪಡೆಯುವುದೇ ಎಲ್ಲಕ್ಕಿಂತ ಕಡಿಮೆ ನೋವಿನ ದಾರಿ.

ಇಲ್ಲಿ ಸಿರಿಗೆರೆಯ ಮಾದರಿಯು ಮತ್ತೆ ನೆನಪಿಗೆ ಬರುತ್ತದೆ. ಮಠದ ಪೀಠವು ವೀಸಾವನ್ನು ಕೊಡಲಾರದು, ಪರದೇಶದ ಡಿಕ್ರಿಯನ್ನು ರದ್ದು ಮಾಡಲಾರದು. ಕಾನೂನಿನ ಕೆಲಸವನ್ನು ಕಾನೂನೇ ಮಾಡಬೇಕು. ಆದರೆ ಎರಡು ಮನೆಯವರನ್ನು ಕೂಡಿಸಿ, ಹಟವನ್ನು ಇಳಿಸಿ, ಮಗುವಿನ ಹೆಸರಿನಲ್ಲಿ ಒಪ್ಪಂದಕ್ಕೆ ತರುವ ಶಕ್ತಿಯು ಇಂಥ ಪೀಠಗಳಿಗೆ ಇರುವಷ್ಟು ಮತ್ತಾರಿಗಿದೆ? ಬಿರುಕು ಬಿಟ್ಟ ದಂಪತಿಗಳು ಸಾವಿರಾರು ಮೈಲಿ ದೂರದಲ್ಲಿದ್ದರೂ ಅವರ ತಂದೆತಾಯಿಗಳು ಇನ್ನೂ ಈ ನೆಲದಲ್ಲಿಯೇ ಇದ್ದಾರೆ. ಅವರ ಮಾತು ಸಮುದ್ರವನ್ನು ದಾಟಬಲ್ಲುದು. ಅಮೇರಿಕದ ಕನ್ನಡ ಕೂಟಗಳೂ ಸಮ್ಮೇಳನದ ಸಂಭ್ರಮದೊಡನೆ ಈ ದುಃಖಕ್ಕೊಂದು ಮೂಲೆಯನ್ನು ಕೊಟ್ಟರೆ ಕನ್ನಡದ ಸೇವೆಗೆ ಕೊರತೆಯೇನೂ ಆಗದು.

ಗಂಡಹೆಂಡಿರು ಬೇರೆಯಾಗಬಹುದು, ಅದು ಅವರ ಪ್ರಾರಬ್ಧ. ಮಗುವು ಯಾರ ಮಡಿಲಲ್ಲಿ ಬೆಳೆಯಬೇಕೆಂಬುದನ್ನು ಅದರ ಶ್ರೇಯಸ್ಸನ್ನು ಅಳೆದು ನ್ಯಾಯಾಧೀಶರು ಹೇಳಲಿ, ಅದು ಧರ್ಮ. ಪರದೇಶದ ಕಛೇರಿಯ ಸಾಲಿನಲ್ಲಿ ಯಾರ ಚೀಟಿ ಮೊದಲು ಬಂತೆಂಬುದು ಅದನ್ನು ಹೇಳಕೂಡದು. ಈ ಒಂದು ಮಾತನ್ನು ಶಾಸನದ ಅಕ್ಷರಗಳಲ್ಲಿ ಬರೆಯುವ ಹೊಣೆಯು ನಮ್ಮ ಪಾರ್ಲಿಮೆಂಟಿನದು. ಬರೆಯಿಸುವ ಹೊಣೆಯು ನಮ್ಮೆಲ್ಲರದು.